ಪಿಕಪ್ ಬೇಡವೆಂದು ಟರ್ಬೊ ಕಾರು ಕೊಂಡು ಕೈಸುಟ್ಟುಕೊಂಡ ಲೆಕ್ಕ

ಮೂಡಿಗೆರೆ ತಾಲ್ಲೂಕಿನಲ್ಲಿ ಒಂಬತ್ತು ಎಕರೆ ರೋಬಸ್ಟಾ ಕಾಫಿ ತೋಟವನ್ನೂ ಅದರ ನೆರಳಿನ ಮರಗಳಿಗೆ ಹಬ್ಬಿಸಿದ ಕಾಳುಮೆಣಸನ್ನೂ ನಂಬಿ ಬದುಕುವ ನಾನು, 2024ರ ಮೇ ತಿಂಗಳಲ್ಲಿ, ಪಿಕಪ್ ಕೊಳ್ಳಲೆಂದು ತೆಗೆದಿರಿಸಿದ್ದ ಹಣದಲ್ಲಿ ಎಂಟು ವರ್ಷ ಹಳೆಯ ಟರ್ಬೊ ಪೆಟ್ರೋಲ್ ಕಾರೊಂದನ್ನು ಕೊಂಡು, ಹದಿನಾಲ್ಕೇ ತಿಂಗಳಲ್ಲಿ ಅದನ್ನು ಅರ್ಧ ಬೆಲೆಗೂ ಕಡಿಮೆಗೆ ಮಾರಿದೆ. ಇದೇ ಆಯ್ಕೆಯ ಮುಂದೆ ನಿಂತಿರುವವರು ಮುಂಗಡ ಕೊಡುವ ಮೊದಲು ಓದಲಿ ಎಂದು ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ. ಕಾರಿನ ಕಂಪನಿಯ ಹೆಸರನ್ನಾಗಲಿ, ಮಾರಿದವರ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ತಪ್ಪಿನ ಬಹುಪಾಲು ನನ್ನದೇ ಆಗಿತ್ತು.

ಆ ವರ್ಷ ರೋಬಸ್ಟಾ ಚೆರಿಯ, ಅಂದರೆ ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣಿನ, ಬೆಲೆ 50 ಕೆ.ಜಿ. ಚೀಲಕ್ಕೆ ಹತ್ತು ಸಾವಿರ ರೂಪಾಯಿ ದಾಟಿದ್ದನ್ನು ಕಾಫಿ ಬೆಳೆಯುವವರಾರೂ ಮರೆತಿರಲಾರರು. ಬ್ಯಾಂಕಿನ ಬೆಳೆ ಸಾಲ ತೀರಿಸಿದ ಮೇಲೂ ನನ್ನ ಕೈಯಲ್ಲಿ ಸುಮಾರು ಏಳು ಲಕ್ಷ ಉಳಿದದ್ದು ಅದೇ ಮೊದಲ ಸಲ. ಹಿಂದಿನ ಸೀಟು ಕಳಚಿ ಗೊಬ್ಬರದಿಂದ ಹಿಡಿದು ಕರುವಿನವರೆಗೆ ಎಲ್ಲವನ್ನೂ ಹೊತ್ತಿದ್ದ ನಮ್ಮ ಹಳೆಯ ಓಮ್ನಿಯ ತಳ ತುಕ್ಕು ಹಿಡಿದು ಕೈಕೊಟ್ಟಿತ್ತು. ಪಕ್ಕದ ಊರಿನಲ್ಲಿ ನಾಲ್ಕು ವರ್ಷದ ಡಬಲ್ ಕ್ಯಾಬಿನ್ ಪಿಕಪ್ಪೊಂದು 6 ಲಕ್ಷ 40 ಸಾವಿರಕ್ಕೆ ಮಾರಾಟಕ್ಕಿತ್ತು. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಕಾರು ವ್ಯಾಪಾರಿಯೊಬ್ಬರ ಬಳಿ, ಹರಿಯಾಣ ನೋಂದಣಿಯ, ಸ್ಟೀರಿಂಗಿನ ಹಿಂದೆಯೇ ಗೇರು ಬದಲಿಸುವ ಪ್ಯಾಡಲ್‌ಗಳಿದ್ದ, ಸೀಟಿಗೆ ಕೆಂಪು ಹೊಲಿಗೆ ಹಾಕಿದ್ದ ಕಾರು 5 ಲಕ್ಷ 90 ಸಾವಿರಕ್ಕೆ ಕಾಯುತ್ತಿತ್ತು.

ಪಿಕಪ್ ಬೇಡವೆನ್ನಲು ನಾನು ಹುಡುಕಿಕೊಂಡ ಕಾರಣಗಳು ಮೂರು. ಹಳದಿ ಬೋರ್ಡಿನ ಗಾಡಿ ಓಡಿಸಲು ಬೇರೆ ಲೈಸೆನ್ಸ್ ಬೇಕು ಎಂಬುದು ಮೊದಲನೆಯದು. ಪರ್ಮಿಟ್ಟು, ಎಫ್‌ಸಿ (ವಾಹನ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಎಂದು ಆರ್‌ಟಿಒ ಕಚೇರಿಗೆ ಅಲೆಯಬೇಕು ಎಂಬುದು ಎರಡನೆಯದು. ಸಾಮಾನು ಹೊರುವ ಕೆಲಸ ವರ್ಷಕ್ಕೆ ಮೂರು ತಿಂಗಳು ಮಾತ್ರ, ಆಗ ಬಾಡಿಗೆಗೆ ಹಿಡಿದರಾಯಿತು ಎಂಬುದು ಮೂರನೆಯದು. ಇವೆಲ್ಲಕ್ಕಿಂತ ದೊಡ್ಡದಾಗಿದ್ದ, ಆದರೆ ಯಾರ ಮುಂದೆಯೂ ಹೇಳದಿದ್ದ ಕಾರಣವೆಂದರೆ, ತುಮಕೂರು ರಸ್ತೆಯಲ್ಲಿ ಆ ಕಾರನ್ನು ಹತ್ತು ನಿಮಿಷ ಓಡಿಸಿ ನೋಡಿದಾಗ ಬೆನ್ನು ಸೀಟಿಗೆ ಒತ್ತಿದ ಆ ಅನುಭವ. ಕಾರು ಮನೆಗೆ ಬಂದ ದಿನ ಡಿಕ್ಕಿ ತೆಗೆದು ನೋಡಿದ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಇದ್ರಲ್ಲಿ ಗೊಬ್ಬರದ ಚೀಲ ಎಲ್ಲಿ ಇಡ್ತೀರಿ?"

ಮೊದಲ ಎರಡು ಕಾರಣಗಳು ಸುಳ್ಳೆಂದು ತಿಳಿದದ್ದು ಕಾರು ಕೊಂಡ ಮೇಲೆ. ಒಟ್ಟು ತೂಕ 7,500 ಕೆ.ಜಿ. ಮೀರದ ಸಾಗಣೆ ವಾಹನವನ್ನು ಕಾರಿನ ಲೈಸೆನ್ಸ್, ಅಂದರೆ ಎಲ್‌ಎಂವಿ ಲೈಸೆನ್ಸ್ ಇರುವವರು ಪ್ರತ್ಯೇಕ ಅನುಮತಿಯಿಲ್ಲದೆ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿಯೇ ಹೇಳಿತ್ತು. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಅದನ್ನೇ ಎತ್ತಿಹಿಡಿಯಿತು. ಪರ್ಮಿಟ್ಟಿನ ವಿಷಯವೂ ಹಾಗೆಯೇ. ಸರಕು ತುಂಬಿದಾಗಿನ ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲವೆಂದು ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಹೇಳುತ್ತದೆ, ಮತ್ತು ಆ ತೂಕ ಎಷ್ಟೆಂಬುದು ಆರ್‌ಸಿಯಲ್ಲಿಯೇ ಮುದ್ರಿತವಾಗಿರುತ್ತದೆ. ಎಫ್‌ಸಿ ಮಾತ್ರ ನಿಜ: ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ವರ್ಷಕ್ಕೊಂದು ದಿನದ ಅಲೆದಾಟಕ್ಕೆ ಹೆದರಿದ ನಾನು ಮುಂದೆ ಎಷ್ಟು ದಿನ ಅಲೆದೆ ಎಂಬುದನ್ನು ನೆನೆದರೆ ಈಗ ನಗು ಬರುತ್ತದೆ.

ಅಲೆದಾಟ ಶುರುವಾದದ್ದು ನೋಂದಣಿಯಿಂದಲೇ. "ಎನ್‌ಒಸಿ ಎಲ್ಲ ನಾವೇ ತರಿಸಿಕೊಡ್ತೀವಿ ಸಾರ್" ಎಂದಿದ್ದ ವ್ಯಾಪಾರಿ, ಹರಿಯಾಣದ ಆರ್‌ಟಿಒ ಕೊಡಬೇಕಿದ್ದ ಆ ನಿರಾಕ್ಷೇಪಣಾ ಪತ್ರವನ್ನು ಕೈಗೆ ಕೊಡಲು ನಾಲ್ಕು ತಿಂಗಳು ತೆಗೆದುಕೊಂಡರು. ಹೊರರಾಜ್ಯದ ಕಾರನ್ನು ಇಲ್ಲಿ ನಮ್ಮ ಹೆಸರಿಗೆ ಮಾಡಿಸಿಕೊಳ್ಳುವಾಗ ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ಅದನ್ನು ನಾವು ಕೊಟ್ಟ ಸೆಕೆಂಡ್ ಹ್ಯಾಂಡ್ ಬೆಲೆಯ ಮೇಲಲ್ಲ, ಕಾರಿನ ಮೂಲ ಬೆಲೆಯ ಮೇಲೆ ಲೆಕ್ಕ ಹಾಕಿ, ವಯಸ್ಸಿಗೆ ತಕ್ಕಂತೆ ಇಳಿಸುತ್ತಾರೆ. ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಶೇ 14ರ ದರ. ನನ್ನ ಕಾರು ಹೊಸತರಲ್ಲಿ ಒಂಬತ್ತೂವರೆ ಲಕ್ಷದ್ದಾಗಿತ್ತಾದ್ದರಿಂದ, ಎಲ್ಲ ಇಳಿಕೆಯ ನಂತರವೂ ಸೆಸ್ಸು ಸೇರಿ ಎಂಬತ್ತು ಸಾವಿರದ ಹತ್ತಿರ ಬಂತು. ಬೇರೆ ರಾಜ್ಯದ ನಂಬರಿನ ಕಾರು ಅಗ್ಗವಾಗಿ ಕಂಡರೆ, ಅದು ಅಗ್ಗವಾಗಿರುವುದು ಈ ಮೊತ್ತ ಅದರೊಳಗೆ ಸೇರಿಲ್ಲವೆಂಬ ಕಾರಣಕ್ಕೆ ಎಂದು ತಿಳಿಯಿರಿ. ಹಳೆಯ ವಿಮಾ ಪಾಲಿಸಿಯಲ್ಲಿ ಕಾಣುತ್ತಿದ್ದ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ ಕೂಡ ನನಗೆ ದಕ್ಕಲಿಲ್ಲ. ಅದು ಮಾರಿದವರಿಗೆ ಸೇರಿದ್ದೇ ಹೊರತು ಕಾರಿಗೆ ಸೇರಿದ್ದಲ್ಲ.

ಇಷ್ಟಾದರೂ ಸಹಿಸಬಹುದಿತ್ತು. ನನ್ನನ್ನು ನಿಜವಾಗಿ ಮುಳುಗಿಸಿದ್ದು ಅದೇ ವರ್ಷದ ಜುಲೈ ತಿಂಗಳ ಒಂದು ರಾತ್ರಿ.

ಡಾಂಬರು ರಸ್ತೆಯಿಂದ ನಮ್ಮ ಮನೆಗೆ ಒಂದು ಕಿಲೋಮೀಟರಿಗೂ ಸ್ವಲ್ಪ ಹೆಚ್ಚಿನ ಕಚ್ಚಾ ದಾರಿಯಿದ್ದು, ನಡುವೆ ಹಳ್ಳಕ್ಕೆ ಸಿಮೆಂಟ್ ಪೈಪ್ ಹಾಕಿ ಮಣ್ಣು ಮುಚ್ಚಿದ ಮೋರಿಯೊಂದಿದೆ. ಮಳೆಗೆ ಆ ಮಣ್ಣು ಕೊಚ್ಚಿಹೋಗಿ ಪೈಪಿನ ಅಂಚು ಗೇಣುದ್ದ ಮೇಲೆದ್ದಿತ್ತು. ಕಂಪನಿಯ ಪುಸ್ತಿಕೆಯಲ್ಲಿ ಕಾರಿನ ತಳ ನೆಲದಿಂದ 165 ಮಿ.ಮೀ. ಎತ್ತರದಲ್ಲಿದೆಯೆಂದು ಬರೆದಿದ್ದರೂ ಅದು ಖಾಲಿ ಕಾರಿನ ಮಾತು. ಅಂದು ಒಳಗೆ ನನ್ನ ತಾಯಿ, ಹೆಂಡತಿ, ಮಗ ಮತ್ತು ತಿಂಗಳ ದಿನಸಿ ಇತ್ತು. ಮೋರಿ ದಾಟುವಾಗ ಕೆಳಗಿನಿಂದ ಠಣ್ ಎಂದು ಸದ್ದಾಯಿತು. ಇಳಿದು ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಸುರಿಯುವ ಮಳೆಯಲ್ಲಿ ತಳವೆಲ್ಲ ನೀರು ಸೋರುತ್ತಿದ್ದುದರಿಂದ ಎಣ್ಣೆ ಸೋರುತ್ತಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಉಬ್ಬಸವಿರುವ ತಾಯಿಯನ್ನು ಮಳೆಯಲ್ಲಿ ನಡೆಸುವುದು ಬೇಡ, ಮನೆ ಇನ್ನು ಏಳುನೂರು ಮೀಟರು ಎಂದುಕೊಂಡು ನಿಧಾನವಾಗಿ ಓಡಿಸಿದೆ. ಗೇಟಿನ ಬಳಿ ಎಣ್ಣೆಯ ಕ್ಯಾನಿನ ಆಕಾರದ ಕೆಂಪು ದೀಪ ಹೊತ್ತಿತು, ಅಂಗಳ ತಲುಪುವಷ್ಟರಲ್ಲಿ ಎಂಜಿನ್ ಕರಕರ ಎಂದು ತಾನಾಗಿಯೇ ನಿಂತಿತು. ಬೆಳಿಗ್ಗೆ ನೋಡಿದರೆ ಮೋರಿಯಿಂದ ಮನೆಯವರೆಗೆ ಚಕ್ರದ ಜಾಡಿನಲ್ಲಿ ನಿಂತ ನೀರಿನ ಮೇಲೆಲ್ಲ ಕಾಮನಬಿಲ್ಲಿನ ಬಣ್ಣದ ಪದರ ತೇಲುತ್ತಿತ್ತು.

ಎಣ್ಣೆ ತುಂಬಿರುವ ಸಂಪ್ ಒಡೆದಿತ್ತು; ಎಣ್ಣೆಯಿಲ್ಲದೆ ತಿರುಗಿದ ಎಂಜಿನ್ನಿನ ಬೇರಿಂಗುಗಳು ಸುಟ್ಟಿದ್ದವು. ಚಿಕ್ಕಮಗಳೂರಿನ ಮೆಕ್ಯಾನಿಕ್ಕುಗಳು ಕೈ ಹಾಕಲು ಒಪ್ಪದೆ, ಚಾರ್ಮಾಡಿ ಘಾಟಿ ಇಳಿಸಿ, ನೂರು ಕಿಲೋಮೀಟರಿಗೂ ಮಿಕ್ಕಿ ಮಂಗಳೂರಿನ ವರ್ಕ್‌ಶಾಪಿಗೆ ಹೊರಿಸಿಕೊಂಡು ಹೋಗಬೇಕಾಯಿತು. ಅಲ್ಲಿಗೆ ಬಂದ, ಹಾನಿ ಅಂದಾಜಿಸುವ ವಿಮೆಯ ಸರ್ವೇಯರ್ ಬಹಳ ಸೌಜನ್ಯದಿಂದ ಕೇಳಿದ್ದು, "ಪೆಟ್ಟು ಬಿದ್ದ ಮೇಲೆ ಗಾಡಿ ಎಷ್ಟು ದೂರ ಓಡಿಸಿದಿರಿ?" ನಾನು ಇದ್ದುದನ್ನು ಇದ್ದಂತೆ ಹೇಳಿದೆ, ಅಲ್ಲಿಗೆ ಮುಗಿಯಿತು. ಅಪಘಾತವಾದ ಮೇಲೆ ಬೇಕಾದ ರಿಪೇರಿ ಮಾಡಿಸದೆ ವಾಹನ ಓಡಿಸಿದರೆ, ಅದರಿಂದ ಹೆಚ್ಚುವ ಹಾನಿಯೆಲ್ಲ ಮಾಲೀಕನ ಹೊಣೆ ಎಂಬ ಷರತ್ತು ನಮ್ಮೆಲ್ಲರ ಮೋಟಾರು ಪಾಲಿಸಿಯ ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿದೆ. ಒಂದು ಹಾನಿಯ ಪರಿಣಾಮವಾಗಿ ಆಗುವ ಮತ್ತೊಂದು ನಷ್ಟವನ್ನೂ ಸಾಮಾನ್ಯ ಪಾಲಿಸಿ ಕೊಡುವುದಿಲ್ಲ. ಸಂಪಿಗೆ ಮಾತ್ರ ಹಣ ಮಂಜೂರಾಯಿತು. ಅದರಲ್ಲಿಯೂ ಐದು ವರ್ಷ ದಾಟಿ ಹತ್ತು ವರ್ಷ ಮೀರದ ವಾಹನದ ಲೋಹದ ಭಾಗಗಳಿಗೆ ಶೇ 40 ಸವಕಳಿ ಕಳೆದರು. ಬಿಲ್ಲು 2 ಲಕ್ಷ 10 ಸಾವಿರ, ವಿಮೆಯಿಂದ ಬಂದದ್ದು 6,800 ರೂಪಾಯಿ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಎಂಬುದೊಂದು ಇದೆ, ಆದರೆ ನನ್ನದರಂಥ ಹಳೆಯ ಕಾರಿಗೆ ಅದು ಸುಲಭಕ್ಕೆ ಸಿಗುವುದಿಲ್ಲ. ತಳಕ್ಕೆ ಪೆಟ್ಟು ಬಿದ್ದ ಸದ್ದು ಕೇಳಿದೊಡನೆ ಎಂಜಿನ್ ಆರಿಸಿ, ಮಳೆಯಿರಲಿ ರಾತ್ರಿಯಿರಲಿ, ಅಲ್ಲಿಯೇ ನಿಲ್ಲಿಸಿ ಚಿತ್ರ ತೆಗೆದುಕೊಂಡು ವಿಮಾ ಕಂಪನಿಗೆ ಕರೆ ಮಾಡಬೇಕು. ಅಂದು ತಾಯಿಗೆ ಕೊಡೆ ಹಿಡಿದು ಏಳುನೂರು ಮೀಟರು ನಡೆಸಿದ್ದರೆ ನನಗೆ ಹತ್ತಿರ ಹತ್ತಿರ ಎರಡು ಲಕ್ಷ ಉಳಿಯುತ್ತಿತ್ತು.

ಅಗಲ ಹೆಚ್ಚಿ ದಪ್ಪ ಕಡಿಮೆಯಿರುವ ಟೈರುಗಳು ನಮ್ಮ ಕಲ್ಲುದಾರಿಯಲ್ಲಿ ಎರಡು ಸಲ ಪಕ್ಕ ಸೀಳಿದವು. ಅದರ ಕಥೆ ಇಷ್ಟೇ.

ಬಾಡಿಗೆಗೆ ಹಿಡಿದರಾಯಿತು ಎಂಬ ಮೂರನೆಯ ಕಾರಣದ ಬೆಲೆ ತಿಳಿದದ್ದು 2025ರ ಜನವರಿಯ ಕೊಯ್ಲಿನಲ್ಲಿ. ನನ್ನ ತೋಟ ಎರಡು ತುಂಡಾಗಿದ್ದು, ದೂರದ ತುಂಡಿಗೂ ಮನೆಯ ಕಣಕ್ಕೂ ನಾಲ್ಕು ಕಿಲೋಮೀಟರಿದೆ. ನನಗೆ ಪಿಕಪ್ ಬೇಕಾದ ದಿನವೇ ಊರಿನ ಎಲ್ಲರಿಗೂ ಬೇಕು ಎಂಬ ಸರಳ ಸಂಗತಿ ಕಾರು ಕೊಳ್ಳುವಾಗ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಸಂಜೆ ಐದಕ್ಕೆ ಬರುತ್ತೇನೆಂದ ಬಾಡಿಗೆಯವನು ಒಂದು ದಿನ ಬರಲೇ ಇಲ್ಲ; ಮೇಸ್ತ್ರಿ ಫೋನು ಮಾಡಿ ಕೇಳುತ್ತಲೇ ಇದ್ದ, ಮೂವತ್ತನಾಲ್ಕು ಚೀಲ ಹಣ್ಣು ರಸ್ತೆ ಬದಿಯಲ್ಲಿಯೇ ರಾತ್ರಿ ಕಳೆಯಿತು. ಮರುದಿನ ಮಧ್ಯಾಹ್ನ ಚೀಲದ ಬಾಯಿ ಬಿಚ್ಚಿ ಒಳಗೆ ಕೈ ಹಾಕಿದರೆ ಬಾಣಂತಿಯ ಹಂಡೆಯ ನೀರಿನಂತೆ ಬಿಸಿ, ಜೊತೆಗೆ ಹುಳಿ ವಾಸನೆ. ಅಷ್ಟು ಹಣ್ಣನ್ನೂ ಬೇರೆ ಹರಡಿ ಒಣಗಿಸಿ, ಕಡಿಮೆ ದರಕ್ಕೆ ಬೇರೆಯಾಗಿಯೇ ಮಾರಬೇಕಾಯಿತು. ಆ ಹಂಗಾಮಿನಲ್ಲಿ ನಾಲ್ವತ್ತೊಂದು ಟ್ರಿಪ್ಪಿಗೆ ನಾನು ಕೊಟ್ಟ ಬಾಡಿಗೆ 61,500 ರೂಪಾಯಿ. ಅಷ್ಟೂ ದಿನ ಕಾರು ಕೊಟ್ಟಿಗೆಯ ಪಕ್ಕ ಟಾರ್ಪಾಲು ಹೊದ್ದು ನಿಂತಿತ್ತು.

ಮಾರ್ಚಿನಲ್ಲಿ ಗೇರ್‌ಬಾಕ್ಸು ಹೋಯಿತು. ಇಂಥ ಕಾರುಗಳಲ್ಲಿ ಕೆಲವಕ್ಕೆ ಎರಡು ಒಣ ಕ್ಲಚ್ಚುಗಳಿರುತ್ತವೆ. ಒಂದು ಬೆಸಸಂಖ್ಯೆಯ ಗೇರುಗಳನ್ನೂ ಇನ್ನೊಂದು ಸಮಸಂಖ್ಯೆಯ ಗೇರುಗಳನ್ನೂ ನೋಡಿಕೊಳ್ಳುವುದರಿಂದ ಹೆದ್ದಾರಿಯಲ್ಲಿ ಗೇರು ಬದಲಾದದ್ದೇ ತಿಳಿಯುವುದಿಲ್ಲ. ಆದರೆ ಕಡಿದಾದ ಏರಿನಲ್ಲಿ ಆಮೆಯಂತೆ ತೆವಳುವಾಗ ಕ್ಲಚ್ಚು ಪೂರ್ತಿ ಹಿಡಿಯದೆ ಜಾರುತ್ತಲೇ ಇರಬೇಕಾಗುತ್ತದೆ, ಎಣ್ಣೆಯಲ್ಲಿ ಮುಳುಗಿರದ ಅದು ಬಿಸಿಯಾಗುತ್ತಲೇ ಹೋಗುತ್ತದೆ. ನಮ್ಮ ಮನೆಯ ದಾರಿಯೆಂದರೆ ದಿನಕ್ಕೆ ನಾಲ್ಕು ಸಲ ಅದೇ ಏರು. ಕ್ಲಚ್ಚನ್ನೂ ಅದನ್ನು ನಡೆಸುವ ಎಲೆಕ್ಟ್ರಾನಿಕ್ ಘಟಕವನ್ನೂ ಬದಲಿಸಲು 2 ಲಕ್ಷ 40 ಸಾವಿರ ಎಂದರು. ನಾನು ಮಾಡಿಸಲಿಲ್ಲ. ಕೆಟ್ಟ ಸ್ಥಿತಿಯಲ್ಲಿಯೇ ಜುಲೈ ತಿಂಗಳಲ್ಲಿ 2 ಲಕ್ಷ 35 ಸಾವಿರಕ್ಕೆ ಕೊಟ್ಟುಬಿಟ್ಟೆ. ತೆರಿಗೆ, ರಿಪೇರಿ, ಟೈರು, ಹೊರಿಸಿದ ಖರ್ಚು ಎಲ್ಲ ಕೂಡಿಸಿ ಮಾರಿದ ಹಣ ಕಳೆದರೆ ಸುಮಾರು ಆರೂಮುಕ್ಕಾಲು ಲಕ್ಷ ನೀರುಪಾಲಾಗಿತ್ತು. ನಾನು ಬೇಡವೆಂದ ಆ ಪಿಕಪ್ಪಿನ ಪೂರ್ತಿ ಬೆಲೆ ಅದಕ್ಕಿಂತ ಕಡಿಮೆ.

ಈಗ ಸಾಲ ಮಾಡಿ ಹಳೆಯ ಪಿಕಪ್ಪೊಂದನ್ನು ತಂದಿದ್ದೇನೆ. ಅದನ್ನು ಹೊಗಳಲು ಇದನ್ನು ಬರೆಯುತ್ತಿಲ್ಲವಾದ್ದರಿಂದ ಅದರ ಕೊರತೆಯನ್ನೂ ಹೇಳಬೇಕು. ಹಿಂದೆ ಭಾರವಿಲ್ಲದಿದ್ದರೆ ಕಮಾನಿನ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಮೇಲೆ ಅದು ಕುದುರೆಯಂತೆ ಕುಣಿಯುತ್ತದೆ, ತಾಯಿ ಅದರಲ್ಲಿ ಕೂರಲು ಒಪ್ಪುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆಳುಗಳನ್ನು ಹಿಂದಿನ ತೊಟ್ಟಿಯಲ್ಲಿ ನಿಲ್ಲಿಸಿಕೊಂಡು ಹೋಗುವ ನಮ್ಮ ಕಡೆಯ ರೂಢಿ ಕಾನೂನಿಗೆ ವಿರುದ್ಧವಷ್ಟೇ ಅಲ್ಲ, ವಿಮೆಯ ದೃಷ್ಟಿಯಿಂದ ಮನೆ ಮುಳುಗಿಸುವಂಥದ್ದು. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿದೆ. 1994ರ ತಿದ್ದುಪಡಿಯಿಂದ ರಕ್ಷಣೆ ಸಿಕ್ಕಿರುವುದು ಸರಕಿನ ಜೊತೆ ಹೋಗುವ ಅದರ ಮಾಲೀಕನಿಗೆ ಅಥವಾ ಅವನ ಪ್ರತಿನಿಧಿಗೆ ಮಾತ್ರ. ಹಳೆಯ ಪಿಕಪ್ ನೋಡಲು ಹೋದಾಗ ಕ್ಯಾಬಿನ್ನಿನ ಹಿಂದೆ ಚಾಸಿಗೆ ವೆಲ್ಡಿಂಗ್ ಆಗಿದೆಯೇ, ಕಮಾನಿಗೆ ಹೆಚ್ಚುವರಿ ಪ್ಲೇಟ್ ಹಾಕಿಸಿದ್ದಾರೆಯೇ ಎಂದು ಬಗ್ಗಿ ನೋಡಿ. ಎರಡರಲ್ಲಿ ಒಂದಿದ್ದರೂ ಆ ಗಾಡಿ ಮಿತಿಮೀರಿ ಹೊತ್ತಿರುವ ಸಾಧ್ಯತೆ ಹೆಚ್ಚು.

ತೋಟದ ದಾರಿಯಲ್ಲಿ ಈಗಾಗಲೇ ಅಂಥ ಕಾರು ಇಟ್ಟುಕೊಂಡಿರುವವರು ಈ ಮಳೆಗಾಲಕ್ಕೆ ಮೊದಲು ಎಂಜಿನ್ನಿನ ಕೆಳಗೆ ಉಕ್ಕಿನ ತಗಡು ಹಾಕಿಸಿ, ಪಾಲಿಸಿ ನವೀಕರಿಸುವಾಗ ಎಂಜಿನ್ ರಕ್ಷಣೆ ಸಿಗುವುದೇ ಎಂದು ಕೇಳಿ. ಮನೆಯ ದಾರಿಯ ಮೋರಿಗಳನ್ನು ಹಗಲಿನಲ್ಲಿ ಒಮ್ಮೆ ಇಳಿದು ನೋಡಿ. ನಮ್ಮ ಮೋರಿಗೆ ಮಣ್ಣು ಹಾಕಿಸಿಕೊಡಿ ಎಂದು ಪಂಚಾಯಿತಿಗೆ ಕೊಟ್ಟ ಅರ್ಜಿ ಇನ್ನೂ ಹಾಗೆಯೇ ಇದೆ. ಪೈಪಿನ ಅಂಚಿನಲ್ಲಿ ಅಂದು ಉಜ್ಜಿದ ಬಿಳಿಯ ಗೀರು ಈಗಲೂ ಕಾಣುತ್ತದೆ.