ಎತ್ತಿಡಬಹುದಾದ ಶಾರ್ಡನೇ ಬೇಕಾ? ಕುಮ್ಯೂ ರಿವರ್ ನೋಡಿ

"ಶಾರ್ಡನೇ ಬೇಡ ಮಾರಾಯ್ತಿ, ಅದು ಬರೀ ಬೆಣ್ಣೆ" ಎನ್ನುವವರು ನಮ್ಮ ಆಕ್ಲೆಂಡ್ ಕನ್ನಡಿಗರಲ್ಲಿ ಬಹಳ ಜನ. ಶಾರ್ಡನೇ ಅಂದರೆ ಅದೇ ಹೆಸರಿನ ದ್ರಾಕ್ಷಿಯ ಬಿಳಿ ವೈನ್. ಊಟಕ್ಕೆ ಕರೆದರೆ ಅದರ ಬದಲು ಇನ್ನೊಂದು ಬಿಳಿ ವೈನ್ ಸೋವಿನ್ಯೋನ್ ಬ್ಲಾಂಕ್ ಹಿಡಿದುಕೊಂಡು ಬರುತ್ತಾರೆ. ಅವರನ್ನು ದೂರುವ ಹಾಗೂ ಇಲ್ಲ. ಸೂಪರ್‌ಮಾರ್ಕೆಟ್‌ನಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಶಾರ್ಡನೇಗಳಲ್ಲಿ ದ್ರಾಕ್ಷಿಗಿಂತ ವೆನಿಲ್ಲಾ, ಬೆಣ್ಣೆ, ಮರದ ವಾಸನೆಯೇ ಜಾಸ್ತಿ. ಒಂದು ಗ್ಲಾಸ್ ಮುಗಿಯುವಷ್ಟರಲ್ಲಿ ಸಾಕು ಅನ್ನಿಸುತ್ತದೆ. ಇಂಥ ವೈನನ್ನು ಎತ್ತಿಟ್ಟರೆ ಅದು ಇನ್ನಷ್ಟು ಸಪ್ಪೆಯಾಗುತ್ತದೆಯೇ ಹೊರತು ಚೆನ್ನಾಗಂತೂ ಆಗುವುದಿಲ್ಲ.

ಅಂಥವರಿಗೆ ನಾನು ಹೇಳುವ ಹೆಸರು ಕುಮ್ಯೂ ರಿವರ್ ಎಂಬ ವೈನರಿಯದು. ಅವರ ಶಾರ್ಡನೇ ಇವತ್ತು ಕುಡಿಯಲೂ ಸೈ, ವರ್ಷಗಟ್ಟಲೆ ಇಡಲೂ ಸೈ.

ಕುಮ್ಯೂ ಇರುವುದು ಆಕ್ಲೆಂಡ್ ನಗರದ ವಾಯವ್ಯಕ್ಕೆ, ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಕ್ರೊಯೇಷಿಯಾದಿಂದ ಬಂದ ಬ್ರಾಯ್ಕೊವಿಚ್ ಕುಟುಂಬ 1944ರಲ್ಲಿ ಅಲ್ಲಿ ಜಾಗ ಕೊಂಡಿತು. ವೈನ್ ಮಾಡುವ ಮೈಕೆಲ್ ಬ್ರಾಯ್ಕೊವಿಚ್ 1989ರಲ್ಲಿ ನ್ಯೂಜಿಲೆಂಡ್‌ನ ಮೊದಲ ಮಾಸ್ಟರ್ ಆಫ್ ವೈನ್ ಆದರು, ಅದು ಕಠಿಣ ಪರೀಕ್ಷೆ ಪಾಸಾದ ವೈನ್ ಪರಿಣತರಿಗೆ ಸಿಗುವ ಬಿರುದು. ಮಳೆ, ತೇವ ಎರಡೂ ಇರುವ ಊರು ಅದು. ದ್ರಾಕ್ಷಿಗೆ ಅನುಕೂಲದ ಜಾಗ ಅಂತ ಯಾರಿಗೂ ತೋಚುವುದಿಲ್ಲ. ಆದರೆ ನೆಲ ಜೇಡಿಮಣ್ಣಿನದು, ನೀರು ಹಿಡಿದುಕೊಳ್ಳುತ್ತದೆ. ಬೇಸಿಗೆಯಲ್ಲೂ ಬಳ್ಳಿಗೆ ನೀರು ಹಾಯಿಸಬೇಕಾಗಿಲ್ಲ. ಹಣ್ಣನ್ನು ಕೈಯಲ್ಲೇ ಕೊಯ್ದು, ಗೊಂಚಲು ಬಿಡಿಸದೆ ಹಾಗೇ ಹಿಂಡುತ್ತಾರೆ. ರಸ ಹುದುಗಿಸಲು ಹೊರಗಿನ ಈಸ್ಟ್ ಹಾಕುವುದಿಲ್ಲ, ಹಣ್ಣಿನ ಜೊತೆ ಬಂದದ್ದೇ ಸಾಕು.

ಈಗ ಆ ಬೆಣ್ಣೆಯ ವಿಷಯ. ವೈನಿನಲ್ಲಿರುವ ಚೂಪಾದ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾ ಮೆತ್ತಗಿನ ಲ್ಯಾಕ್ಟಿಕ್ ಆಮ್ಲವಾಗಿ ಮಾಡುತ್ತದೆ. ಆಗ ಡೈಅಸಿಟೈಲ್ ಎಂಬ ವಸ್ತು ಹುಟ್ಟುತ್ತದೆ. ಬೆಣ್ಣೆ ವಾಸನೆ ಅದರದ್ದೇ. ಕುಮ್ಯೂ ರಿವರ್‌ನಲ್ಲೂ ಈ ಕೆಲಸ ಪೂರ್ತಿ ನಡೆಯುತ್ತದೆ. ಆದರೂ ಗ್ಲಾಸಿನಲ್ಲಿ ಬೆಣ್ಣೆ ಸಿಗುವುದಿಲ್ಲ, ಯಾಕೆ? ವೈನು ಬ್ಯಾರೆಲ್ ತಳದ ಈಸ್ಟ್ ಗಷ್ಟಿನ ಮೇಲೆಯೇ ತಿಂಗಳುಗಟ್ಟಲೆ ಕೂತಿರುತ್ತದೆ. ಆ ಈಸ್ಟ್ ಡೈಅಸಿಟೈಲನ್ನು ತಿಂದುಹಾಕುತ್ತದೆ. ಹಾಗಾಗಿ ಮೈ ಮೆತ್ತಗಿದ್ದರೂ ವಾಸನೆ ಶುದ್ಧ. ಹೊಸ ಬ್ಯಾರೆಲ್ಲನ್ನೂ ಹಿಡಿತದಲ್ಲೇ ಬಳಸುತ್ತಾರೆ, ಮರದ ವಾಸನೆ ಮುಂದೆ ಬಂದು ನಿಲ್ಲುವುದಿಲ್ಲ.

ಮೊದಲ ಸಲ ಕೊಳ್ಳುವವರು ಎಸ್ಟೇಟ್ ಶಾರ್ಡನೇಯಿಂದ ಶುರು ಮಾಡಿ. ಅದಕ್ಕಿಂತ ಕಡಿಮೆ ಬೆಲೆಯ ವಿಲೇಜ್ ಕೂಡ ಚೆನ್ನಾಗಿದೆ, ಆದರೆ ಅದು ತಂದು ಕುಡಿದು ಮುಗಿಸುವ ವೈನ್. ಎಸ್ಟೇಟ್‌ಗಿಂತ ಮೇಲೆ ಒಂದೊಂದೇ ತೋಟದ ಹೆಸರಿನಲ್ಲಿ ಕಾಡಿಂಗ್ಟನ್, ಹಂಟಿಂಗ್ ಹಿಲ್, ಮಾಟೇಸ್ ವಿನ್ಯಾರ್ಡ್ ಇವೆ. ಕಾಡಿಂಗ್ಟನ್‌ನಲ್ಲಿ ಪೀಚ್ ಹಣ್ಣಿನ ತುಂಬುತನ ಇದೆ, ತೆರೆದ ದಿನವೇ ಖುಷಿ ಕೊಡುತ್ತದೆ. ಮಾಟೇಸ್ ತೋಟ 1990ರಲ್ಲಿ ನೆಟ್ಟದ್ದು, ಮೈಕೆಲ್ ಅವರ ತಂದೆಯ ಹೆಸರಿನದು. ಎಲ್ಲಕ್ಕಿಂತ ಗಟ್ಟಿ, ಎಲ್ಲಕ್ಕಿಂತ ದುಬಾರಿ.

ನನ್ನ ಆಯ್ಕೆ ಹಂಟಿಂಗ್ ಹಿಲ್. ಬಾಟಲಿ ತೆರೆದ ಕೂಡಲೇ ಬೆಂಕಿಕಡ್ಡಿ ಗೀರಿದಾಗಿನ ವಾಸನೆ ಸಣ್ಣಗೆ ಬರುತ್ತದೆ. ಹೆದರಬೇಡಿ, ವೈನ್ ಕೆಟ್ಟಿಲ್ಲ. ಗ್ಲಾಸಿನಲ್ಲಿ ಹತ್ತು ನಿಮಿಷ ಬಿಟ್ಟರೆ ಅದು ಹಿಂದೆ ಸರಿದು ನಿಂಬೆ ಸಿಪ್ಪೆ, ಬಿಳಿ ಹೂವು, ಸಣ್ಣಗೆ ಹುರಿದ ಬೀಜದ ಪರಿಮಳ ಮೇಲೆ ಬರುತ್ತದೆ. ನುಂಗಿದ ಮೇಲೂ ನಾಲಿಗೆಯ ಎರಡೂ ಬದಿಯಲ್ಲಿ ಹುಳಿ ಉಳಿದುಕೊಳ್ಳುತ್ತದೆ. ಎತ್ತಿಡುವ ಶಾರ್ಡನೇಯಲ್ಲಿ ನಾನು ಮೊದಲು ನೋಡುವುದೇ ಈ ಹುಳಿ. ವರ್ಷ ಕಳೆದಂತೆ ಹಣ್ಣಿನ ರುಚಿ ಜೇನು, ಬಾದಾಮಿಯ ಕಡೆ ತಿರುಗುತ್ತದೆ. ಆಗ ವೈನನ್ನು ಎತ್ತಿ ನಿಲ್ಲಿಸುವುದು ಹುಳಿಯೇ. ಫ್ರಿಜ್ಜಿನಿಂದ ತೆಗೆದ ತಕ್ಷಣ ಕುಡಿಯಬೇಡಿ. 12 ಡಿಗ್ರಿ ಹತ್ತಿರ ಬರಲಿ, ಇಲ್ಲದಿದ್ದರೆ ಈ ಪರಿಮಳಗಳಲ್ಲಿ ಅರ್ಧಕ್ಕರ್ಧ ಗೊತ್ತೇ ಆಗುವುದಿಲ್ಲ.

ಎರಡನೆಯದಾಗಿ ನಾನು ನೋಡುವುದು ಮುಚ್ಚಳ. ಶಾರ್ಡನೇಯ ತವರು ಫ್ರಾನ್ಸಿನ ಬರ್ಗಂಡಿಯಲ್ಲಿ 1990ರ ದಶಕದ ಮಧ್ಯದಿಂದ ಒಂದು ದೊಡ್ಡ ತಲೆನೋವು ಶುರುವಾಯಿತು. ಇಪ್ಪತ್ತು ವರ್ಷ ಬಾಳಬೇಕಾದ ದುಬಾರಿ ಬಿಳಿ ವೈನುಗಳು ಆರೇಳು ವರ್ಷಕ್ಕೇ ಕಂದು ಬಣ್ಣಕ್ಕೆ ತಿರುಗಿದವು. ಕಾರಣಗಳು ಹಲವು, ಕಾರ್ಕ್ ಅವುಗಳಲ್ಲಿ ಒಂದು. ಬ್ರಾಯ್ಕೊವಿಚ್‌ಗಳು 2001ರಿಂದಲೇ ತಿರುಪು ಮುಚ್ಚಳಕ್ಕೆ ಬಂದರು. ತಿರುಪು ಮುಚ್ಚಳ ಅಂದರೆ ಅಗ್ಗದ ಮಾಲು ಅಂದುಕೊಳ್ಳುವವರಿಗೆ 2015ರಲ್ಲಿ ಲಂಡನ್ನಿನ ವ್ಯಾಪಾರಿ ಫಾರ್ ವಿಂಟ್ನರ್ಸ್ ನಡೆಸಿದ ಪರೀಕ್ಷೆಯ ಕಥೆ ಹೇಳಬೇಕು. ಹೆಸರು ಮುಚ್ಚಿಟ್ಟು ಬರ್ಗಂಡಿಯ ಬಿಳಿ ವೈನುಗಳನ್ನೂ ಕುಮ್ಯೂ ರಿವರ್ ವೈನುಗಳನ್ನೂ ಕುಡಿಸಿದರು. ನುರಿತವರ ಅಂಕಗಳಲ್ಲಿ ಕುಮ್ಯೂವೇ ಮುಂದೆ ಬಂತು, ಅದೂ ಕಡಿಮೆ ಬೆಲೆಗೆ!

ಎತ್ತಿಡುವ ಜಾಗದ ಬಗ್ಗೆ ಸ್ವಲ್ಪ ಕಟ್ಟುನಿಟ್ಟಾಗಿರಿ. 12ರಿಂದ 14 ಡಿಗ್ರಿ, ಕತ್ತಲು, ಏರಿಳಿತವಿಲ್ಲದ ತಂಪು. ಇಲ್ಲಿನ ಮರದ ಮನೆಗಳಲ್ಲಿ ಗ್ಯಾರೇಜ್ ಬೇಸಿಗೆಯಲ್ಲಿ ಕಾದು ಕುಳಿತಿರುತ್ತದೆ, ಅಲ್ಲಿ ಬೇಡವೇ ಬೇಡ. ಇಲ್ಲಿ ಬಿಸಿಲು ಕಡಿಮೆ ಬೀಳುವ ದಕ್ಷಿಣದ ಕೋಣೆಯ ಬೀರುವಿನ ತಳ ಪರವಾಗಿಲ್ಲ. ಅಂಗಡಿಯನ್ನೂ ಗಮನಿಸಿ. ಕಿಟಕಿಯ ಬಿಸಿಲಿನಲ್ಲಿ ನಿಲ್ಲಿಸಿದ್ದ ಬಾಟಲಿಯೊಂದನ್ನು ಒಬ್ಬ ಅಂಗಡಿಯವರು ನನಗೆ ಪೂರ್ತಿ ಬೆಲೆಗೆ ಮಾರಿದ್ದರು. ಬಣ್ಣ ಕಡು ಹಳದಿ, ರುಚಿ ಒಣ ಸೇಬಿನದು. ಬದಲಿಸಿ ಕೊಡಲೂ ಇಲ್ಲ. ಈಗ ನಾನು ಒಳಗಿನ ಪೆಟ್ಟಿಗೆಯಿಂದ ತೆಗೆದುಕೊಡಿ ಅಂತ ಕೇಳಿಯೇ ಕೊಳ್ಳುತ್ತೇನೆ.

ಊಟದ ಜೊತೆ? ನಾನು ಮಂಗಳೂರು ಕಡೆಯವಳು, ತೆಂಗಿನ ಹಾಲಿಲ್ಲದೆ ನಮ್ಮಲ್ಲಿ ಭಾನುವಾರ ಇಲ್ಲ. ಸ್ನ್ಯಾಪರ್ ಮೀನಿಗೆ ಅರಿಶಿನ, ತೆಂಗಿನ ಹಾಲು ಹಾಕಿದ ತೆಳು ಸಾರು, ಪಕ್ಕದಲ್ಲಿ ನೀರುದೋಸೆ. ಇದಕ್ಕೆ ಎಸ್ಟೇಟ್ ಶಾರ್ಡನೇಯಷ್ಟು ಹೊಂದುವ ಇನ್ನೊಂದು ವೈನ್ ನನಗೆ ಸಿಕ್ಕಿಲ್ಲ. ತೆಂಗಿನ ಹಾಲಿನ ಜಿಡ್ಡನ್ನು ಹುಳಿ ಕತ್ತರಿಸುತ್ತದೆ, ದೋಸೆಯ ಸಪ್ಪೆತನ ವೈನಿಗೆ ಜಾಗ ಬಿಡುತ್ತದೆ. ಖಾರದ ಕೋರಿ ಗಸಿಗೆ ಮಾತ್ರ ಬೇಡ. ಮೆಣಸಿನ ಉರಿಯಲ್ಲಿ ಆಲ್ಕೋಹಾಲ್ ಕಚ್ಚುತ್ತದೆ, ಪರಿಮಳವೆಲ್ಲ ಹೋಗುತ್ತದೆ.

ಇನ್ನೂ ಚೂಪು ಬೇಕು ಅನ್ನುವವರು ಬರ್ಗಂಡಿಯದೇ ಶಾರ್ಡನೇಯಾದ ಶಾಬ್ಲಿ ನೋಡಿ. ತುಂಬು ರುಚಿ ಬೇಕು, ದುಡ್ಡಿಗೆ ತೊಂದರೆ ಇಲ್ಲ ಅಂದರೆ ಆಸ್ಟ್ರೇಲಿಯಾದ ಮಾರ್ಗರೆಟ್ ರಿವರ್‌ನ ಲೂವಿನ್ ಎಸ್ಟೇಟ್ ಆರ್ಟ್ ಸೀರೀಸ್ ಇದೆ.

ಊರಿಗೆ ಒಯ್ಯುವವರಿಗೆ ಒಂದು ಮಾತು. ಭಾರತಕ್ಕೆ ಒಬ್ಬರು ಸುಂಕವಿಲ್ಲದೆ ತರಬಹುದಾದದ್ದು ಎರಡು ಲೀಟರ್, ಅಂದರೆ ಎರಡು ಬಾಟಲಿ. ಒಂದು ಎಸ್ಟೇಟ್, ಒಂದು ಹಂಟಿಂಗ್ ಹಿಲ್ ಒಯ್ಯಿರಿ. ಮಂಗಳೂರಿನ ಸೆಖೆಯಲ್ಲಿ ಕಪಾಟಿನಲ್ಲಿ ಇಡಬೇಡಿ, ಎರಡನ್ನೂ ರಜೆ ಮುಗಿಯುವ ಮೊದಲೇ ಕುಡಿದುಬಿಡಿ. ಎತ್ತಿಡುವ ಬಾಟಲಿಗಳು ಇಲ್ಲೇ ಇರಲಿ.