ಹಾರ್ಮೋನ್ ಸ್ರವಿಕೆ ಅಳೆಯಲು ಯಾವುದು: ಎಲೈಸಾ, ಪ್ಯಾಚ್ ಕ್ಲ್ಯಾಂಪ್, ಕಾರ್ಬನ್ ಎಳೆ?

ಅಯಾನು ಚಾನೆಲ್ಲಿಗೂ (ಪೊರೆಯಲ್ಲಿ ಅಯಾನುಗಳು ಹಾಯುವ ದಾರಿ) ಸ್ರವಿಕೆಗೂ ಇರುವ ನಂಟು ಹುಡುಕುವವರು ಮೊದಲು ನೋಡಬೇಕಾದ್ದು ಉಪಕರಣವನ್ನಲ್ಲ, ಜೀವಕೋಶವನ್ನು.

ಖರ್ಚಿನಲ್ಲಿ ಎಲೈಸಾ, ಅಂದರೆ ಪ್ರತಿಕಾಯಗಳಿಂದ ಹಾರ್ಮೋನ್ ಅಳೆಯುವ ಪರೀಕ್ಷೆ, ಹಗುರ. ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳನ್ನು 2.8 ಮಿಲಿಮೋಲಾರ್ ಗ್ಲೂಕೋಸಿನಲ್ಲಿ ಒಂದು ಗಂಟೆ, ಆಮೇಲೆ 16.7ರಲ್ಲಿ ಒಂದು ಗಂಟೆ ಇಟ್ಟು, ದ್ರಾವಣದ ಇನ್ಸುಲಿನ್ ಅಳೆದರಾಯಿತು. ಪೊಟ್ಯಾಸಿಯಂ ಚಾನೆಲ್ ತೆರೆದಿಡುವ ಡಯಜಾಕ್ಸೈಡ್ ಹಾಕಿದಾಗ ನಿಂತ ಸ್ರವಿಕೆ, ಕ್ಯಾಲ್ಸಿಯಂ ಚಾನೆಲ್ ತೆರೆಸುವ 30 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿಗೆ ಮರಳಿತೇ? ಹಾಗಾದರೆ ಕ್ಯಾಲ್ಸಿಯಂ ಚಾನೆಲ್ ಮತ್ತು ಅದರ ಮುಂದಿನ ಹಂತಗಳು ಕೆಲಸ ಮಾಡುತ್ತಿವೆ. ದ್ರಾವಣವನ್ನು ಜೋರಾಗಿ ಸುರಿದರೆ ಕೋಶಗಳು ಕಿತ್ತುಬಂದು ಲೆಕ್ಕ ಕೆಡುತ್ತದೆ. ಹೊಸಬರ ಅರ್ಧ ತಲೆನೋವು ಇದೇ.

ವೇಗ ಬೇಕಿದ್ದರೆ ಎಲೈಸಾ ಸಾಲದು. ಗಾಜಿನ ಸಣ್ಣ ಪಿಪೆಟ್ಟನ್ನು ಪೊರೆಗೆ ಅಂಟಿಸಿ ಪ್ರವಾಹ ಅಳೆಯುವ ಪ್ಯಾಚ್ ಕ್ಲ್ಯಾಂಪಿನಲ್ಲಿ ಒಂದೇ ಕೋಶದ ಕ್ಯಾಲ್ಸಿಯಂ ಪ್ರವಾಹವನ್ನೂ, ಅದರ ಬೆನ್ನಲ್ಲೇ ಏರುವ ಪೊರೆಯ ಕೆಪ್ಯಾಸಿಟನ್ಸನ್ನೂ (ಪೊರೆ ಹಿಗ್ಗಿದಂತೆ ಹೆಚ್ಚುವ ವಿದ್ಯುತ್ ಧಾರಕತೆ) ಮಿಲಿಸೆಕೆಂಡುಗಳ ಲೆಕ್ಕದಲ್ಲಿ ನೋಡಬಹುದು. ಆದರೆ ಕಾಣುವುದು ನಿವ್ವಳ ಮೊತ್ತ: ಕೋಶಿಕೆ (ಹಾರ್ಮೋನ್ ತುಂಬಿದ ಪುಟ್ಟ ಚೀಲ) ಪೊರೆಗೆ ಸೇರಿದ್ದರಿಂದ ಪೊರೆ ಒಳಗೆಳೆದುಕೊಂಡದ್ದನ್ನು ಕಳೆದ ಲೆಕ್ಕ. ಹೋಲ್‌ಸೆಲ್ ಕ್ರಮದಲ್ಲಿ (ಪಿಪೆಟ್ಟಿನಡಿಯ ಪೊರೆಯನ್ನು ಹರಿದಾಗ) ಕೋಶದೊಳಗೆ ಶಕ್ತಿ ಕೊಡುವ ಎಟಿಪಿಯಂಥವು ಪಿಪೆಟ್ಟಿಗೆ ಸೋರಿ ಸ್ರವಿಕೆ ಸೊರಗುತ್ತದೆ. ಪಿಪೆಟ್ಟಿಗೆ ಎಟಿಪಿ ಸೇರಿಸಿ, ಇಲ್ಲವೇ ಶಿಲೀಂಧ್ರನಾಶಕ ಆಂಫೊಟೆರಿಸಿನ್‌ನಿಂದ ಪೊರೆಗೆ ಸಣ್ಣ ರಂಧ್ರಗಳನ್ನಷ್ಟೇ ಮಾಡಿ.

ಅಡ್ರಿನಲಿನ್ ಸ್ರವಿಸುವ ಅಡ್ರಿನಲ್ ಗ್ರಂಥಿಯ ಕ್ರೋಮಾಫಿನ್ ಕೋಶವಾದರೆ ಕಾರ್ಬನ್ ಎಳೆ ಚೆನ್ನ. 5ರಿಂದ 10 ಮೈಕ್ರಾನ್ ದಪ್ಪದ ಎಳೆಗೆ ಸುಮಾರು 700 ಮಿಲಿವೋಲ್ಟ್ ಕೊಟ್ಟು ಕೋಶಕ್ಕೆ ತಾಕಿಸಿದರೆ, ಒಂದೊಂದು ಕೋಶಿಕೆಯ ಅಡ್ರಿನಲಿನ್ನೂ ಎಳೆಯ ತುದಿಯಲ್ಲಿ ಉತ್ಕರ್ಷಣೆಗೊಂಡು ಪ್ರವಾಹದ ಮೊನಚು ಗೆರೆಯಾಗಿ ಮೂಡುತ್ತದೆ. ತುದಿಗೆ ಕೊಳೆ ಕೂತಂತೆ ಗೆರೆ ಕುಗ್ಗುತ್ತದೆ, ಆಗ ತುದಿ ಕತ್ತರಿಸಿ. ಇನ್ಸುಲಿನ್ ಮಾತ್ರ ಬರಿಯ ಕಾರ್ಬನ್ನಿಗೆ ಸಿಕ್ಕುವುದಿಲ್ಲ. ಬೀಟಾ ಕೋಶಕ್ಕೆ ಮುಂಚೆಯೇ ಸೆರೊಟೋನಿನ್ ತುಂಬಿ, ಇನ್ಸುಲಿನ್ ಜೊತೆ ಹೊರಬರುವ ಅದನ್ನೇ ಅಳೆಯಬೇಕು.