ಎಮರ್ಜೆನ್ಸಿಲಿ ಮನೆಯವ್ರನ್ನ ಒಳಗೆ ಬಿಟ್ರು, ಅದಕ್ಕೇ ನಾಲ್ಕು ಸ್ಟಾರ್

ಮೈಸೂರಿನ ಪ್ರೈವೇಟ್ ಆಸ್ಪತ್ರೆ, ಹೆಸ್ರು ಬೇಡ. ಹಾರ್ಟ್ ನಿಂತೋಗಿ ಸಿಪಿಆರ್ (ಎದೆ ಒತ್ತಿ ಜೀವ ಉಳಿಸೋ ಚಿಕಿತ್ಸೆ) ಮಾಡಿಸ್ಕೊಂಡು ಎದ್ದು ಬಂದೋನು ನಾನು. ಬೇರೆ ಕಡೆ ಗಾರ್ಡ್ "ಆಚೆ ನಿಲ್ರಿ" ಅಂತ ಬಾಗ್ಲು ಹಾಕ್ತಾನೆ, ಇಲ್ಲಿ ಸಿಸ್ಟರ್ ಒಬ್ರು ನನ್ನ ಹೆಂಡ್ತಿನ "ಒಳಗೆ ಬರ್ತೀರಾ ಅಮ್ಮಾ, ನೋಡಕ್ಕಾಗ್ದಿದ್ರೆ ಯಾವಾಗ ಬೇಕಾದ್ರೂ ಆಚೆ ಹೋಗ್ಬೋದು" ಅಂತ ಕೇಳಿ, ಪಕ್ಕದಲ್ಲೇ ನಿಂತು ಈಗ ಎದೆ ಒತ್ತುತಿದಾರೆ, ಎರಡು ನಿಮಿಷಕ್ಕೊಂದ್ಸಲ ನಿಲ್ಸಿ ಮಾನಿಟರ್ ನೋಡ್ತಾರೆ, ಈಗ ಶಾಕ್ ಕೊಡ್ತಾರೆ ಅಂತ ಒಂದೊಂದೂ ಹೇಳ್ತಾ ಇದ್ರಂತೆ. ನಂಗೇನೂ ನೆನಪಿಲ್ಲ, ಆದ್ರೂ ಅವ್ಳು ಅಲ್ಲಿದ್ಳು ಅನ್ನೋದೇ ಒಂಥರಾ ಸಮಾಧಾನ.

ವಾರ್ಡಲ್ಲಿ ಪಕ್ಕದ ಬೆಡ್ಡಿನ ಯಜಮಾನ್ರು ಮಾತ್ರ "ಆ ಸ್ಥಿತೀಲಿ ನನ್ನನ್ನ ಮಗಳು ನೋಡೋದು ಬೇಡಪ್ಪಾ" ಅಂದ್ರು. ಅದೂ ಸರಿನೇ, ಅಡ್ಮಿಟ್ ಆಗೋವಾಗ್ಲೇ ಪೇಷಂಟ್ ಇಷ್ಟ ಏನು ಅಂತ ಕೇಳಿ ಫೈಲಲ್ಲಿ ಬರ್ಕೊಂಡ್ರೆ ಒಳ್ಳೇದು, ಇಲ್ಲಿ ಅದನ್ನ ಮಾಡಲ್ಲ, ಒಂದು ಸ್ಟಾರ್ ಕಟ್ ಮಾಡಿದ್ದು ಅದಕ್ಕೇ.

ಸಿಪಿಆರ್ ಮಾಡೋವಾಗ ಮನೆಯವ್ರನ್ನ ಒಳಗೆ ಬಿಡೋದೇನು ಹೊಸದಲ್ಲ ಬಿಡಿ, ಅಮೆರಿಕದ ಮಿಷಿಗನ್‌ನ ಫೂಟ್ ಆಸ್ಪತ್ರೆಲಿ 1982ರಲ್ಲೇ ಶುರುವಾಗಿತ್ತು. 2013ರಲ್ಲಿ ಫ್ರಾನ್ಸಿನ ಸ್ಟಡಿ ಬಂತು, 570 ಸಂಬಂಧಿಕರು, ಸಿಪಿಆರ್ ನೋಡೋಕೆ ಅವಕಾಶ ಸಿಕ್ಕೋರಲ್ಲಿ ಆಮೇಲಿನ ಮಾನಸಿಕ ಆಘಾತ ಕಮ್ಮಿ ಇತ್ತು, ಟ್ರೀಟ್‌ಮೆಂಟಿಗೂ ಅಡ್ಡಿ ಆಗ್ಲಿಲ್ಲ. ಪಾರ್ಕಿಂಗ್ ಮಾತ್ರ ಕೇಳ್ಬೇಡಿ, ಆಟೋಲಿ ಹೋಗಿ.